ತಲೆ ತಿನ್ನುವವರು, ರಕ್ತ ಕುಡಿಯುವವರು

ಪರೀಕ್ಷೆ ಹತ್ತಿರ ಬಂತೆಂದರೆ ಗುಜರಾತಿನ ಕನ್ನಡ ಮನೆಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಟೀಚರ್ರೇ, ಮಗಳಿಗೆ ಇಂಗ್ಲಿಷಿನಲ್ಲಿ ಸಿಮಿಲಿ, ಮೆಟಫರ್. ಹಿಂದಿಯಲ್ಲಿ ಉಪಮಾ, ರೂಪಕ್. ಗುಜರಾತಿಯಲ್ಲಿ ಸಜೀವಾರೋಪಣ್ ಅಂತ ಇನ್ನೊಂದು. ಎಲ್ಲದರ ಲಕ್ಷಣವೂ ಬಾಯಿಪಾಠ ಉಂಟು. ಪದ್ಯದ ಸಾಲು ಕೊಟ್ಟು ಯಾವ ಅಲಂಕಾರ ಅಂದರೆ ಮಾತ್ರ ಪಿಳಿಪಿಳಿ ನೋಡುತ್ತಾಳೆ. ಎಂತ ಮಾಡುವುದು?" ಕೇಳುವವರು ಸೂರತ್‌ನಲ್ಲಿ ಹೋಟೆಲು ನಡೆಸುವವರಿರಬಹುದು, ಅಹಮದಾಬಾದಿನ ಇಸ್ರೋ ಕೇಂದ್ರದವರಿರಬಹುದು, ವಡೋದರಾದ ಬ್ಯಾಂಕಿನವರಿರಬಹುದು. (ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋದ ಮೇಲೆ ಕರಾವಳಿಯ ಎಷ್ಟೋ ಮನೆಗಳಿಗೆ ವಡೋದರಾ ಹೆಡ್ಡಾಫೀಸಿನ ಊರು.) ಗುಜರಾತಿ ಕಲಿಕೆಯನ್ನು ಕಡ್ಡಾಯ ಮಾಡಿದ 2023ರ ಕಾಯ್ದೆಯ ನಂತರ ಒಂದರಿಂದ ಎಂಟನೆಯ ತರಗತಿಯವರೆಗೆ ಸಿಬಿಎಸ್‌ಇ ಶಾಲೆಗಳೂ ಗುಜರಾತಿ ಕಲಿಸಲೇಬೇಕು. ಹಾಗಾಗಿ ಆರು, ಏಳು, ಎಂಟರ ಮಕ್ಕಳು ಶಾಲೆಯಲ್ಲಿ ಮೂರು ಭಾಷೆಗಳ ಅಲಂಕಾರ ಹೊತ್ತು, ಮನೆಗೆ ಬಂದು ನಾಲ್ಕನೆಯ ಭಾಷೆಯಲ್ಲಿ ಜಗಳವಾಡುತ್ತಾರೆ.

ಆ ಜಗಳದಿಂದಲೇ ಶುರುಮಾಡಬಹುದು ಅನ್ನುವುದು ನನ್ನ ವಾದ. ಮಗು ಪೀಡಿಸಿದಾಗ ನಮ್ಮ ಅಮ್ಮಂದಿರು "ತಲೆ ತಿನ್ನಬೇಡ" ಅನ್ನುತ್ತಾರೆ. ಅದೇ ಮಹಡಿಯ ಗುಜರಾತಿ ಅಮ್ಮನ ಬಾಯಲ್ಲಿ ಮಗು ರಕ್ತ ಕುಡಿಯುತ್ತದೆ. ಅಲ್ಲಿ ಪೀಡಿಸುವುದಕ್ಕೆ 'ಲೋಹೀ ಪೀವುಂ' ಅನ್ನುವುದೇ ರೂಢಿ. ಇನ್ನೂ ರೇಗಿದರೆ 'ಮಗಜ್‌ನುಂ ದಹೀಂ', ಅಂದರೆ ಮಿದುಳು ಮೊಸರಾಯಿತು. ಭಾನುವಾರದ ಕನ್ನಡ ತರಗತಿಯಲ್ಲಿ ಈ ಮೂರನ್ನೂ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಮೊದಲು ನಗುತ್ತಾರೆ. ನಕ್ಕು ಮುಗಿದ ಮೇಲೆ ಕೇಳಬೇಕು: ಪೀಡಿಸುವುದಕ್ಕೂ ತಿನ್ನುವುದಕ್ಕೂ ಯಾವ ಹೋಲಿಕೆ? ಸ್ವಲ್ಪಸ್ವಲ್ಪವೇ ಖಾಲಿಯಾಗುತ್ತದೆ, ಒಬ್ಬಳು ಹೇಳುತ್ತಾಳೆ. ರಕ್ತ ಕುಡಿಯುವುದಾದರೆ? ಸೊಳ್ಳೆಯ ಹಾಗೆ, ಓಡಿಸಿದರೂ ಮತ್ತೆ ಬರುತ್ತದೆ. ಮೊಸರಿನಲ್ಲಿ ಯಾರೂ ಏನನ್ನೂ ಕಸಿದುಕೊಳ್ಳುವುದಿಲ್ಲ. ಇದ್ದದ್ದೇ ಬೇರೆ ರೂಪಕ್ಕೆ ತಿರುಗಿ ಗಟ್ಟಿಯಾಗಿ ಕೂತುಬಿಡುತ್ತದೆ, ಯೋಚನೆ ಮುಂದೆ ಹರಿಯುವುದಿಲ್ಲ. ಹೇಳುತ್ತಿರುವ ಸಂಗತಿ ಒಂದೇ, ಆದರೆ ಮೂರು ಮಾತೂ ಅದರ ಮೂರು ಬೇರೆ ಮುಖಗಳನ್ನು ಹಿಡಿದಿವೆ. ಇಷ್ಟು ಹೊತ್ತಿಗೆ ಅಲಂಕಾರದ ಪಾಠದ ಮುಕ್ಕಾಲು ಭಾಗ ಮುಗಿದಿದೆ; ಒಂದು ಹೆಸರನ್ನೂ ಯಾರೂ ಎತ್ತಿಲ್ಲ.

ನಮ್ಮ ಶಾಲೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಹೆಸರು, ಆಮೇಲೆ ಲಕ್ಷಣ, ಕೊನೆಗೆ ಒಂದು ಉದಾಹರಣೆ. ಅದೂ ತಲೆಮಾರುಗಳಿಂದ ಬದಲಾಗದ ಸೀತೆಯ ಮುಖ ಮತ್ತು ಕಮಲ. ಸೀತೆಯ ಮುಖದ ಮೇಲೆ ನನಗೇನೂ ಸಿಟ್ಟಿಲ್ಲ. ಒಂದೇ ಮುಖವನ್ನಿಟ್ಟುಕೊಂಡು ಅಲಂಕಾರ ಬದಲಾದಂತೆ ವಾಕ್ಯ ಹೇಗೆ ಬದಲಾಗುತ್ತದೆಂದು ತೋರಿಸುವ ಆ ಹಳೆಯ ಕ್ರಮ ಬಹಳ ಜಾಣತನದ್ದು. ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತರು ಉಪಮೆಯನ್ನು ಕಾವ್ಯದ ರಂಗದ ಮೇಲೆ ಬೇರೆಬೇರೆ ಭೂಮಿಕೆ ತಳೆಯುವ ನಟಿಯೆಂದು ಕರೆದದ್ದು ಇದೇ ಅರ್ಥದಲ್ಲಿ. ಕ್ರಮ ಇರಲಿ, ಮುಖ ಬದಲಾಗಲಿ. ಅಹಮದಾಬಾದಿನ ಮಗುವಿಗೆ ಜನವರಿ 14ರ ಉತ್ತರಾಯಣಕ್ಕಿಂತ ಪರಿಚಿತ ವಸ್ತು ಯಾವುದಿದೆ?

'ಉತ್ತರಾಯಣದ ದಿನ ಆಕಾಶ ರಂಗೋಲಿ ಇಟ್ಟ ಅಂಗಳದಂತೆ ಬಣ್ಣಬಣ್ಣವಾಗಿತ್ತು.' ಇಲ್ಲಿ ನಾವು ಮಾತಾಡುತ್ತಿರುವುದು ಆಕಾಶದ ಬಗ್ಗೆ, ಅದು ಉಪಮೇಯ. ಹೋಲಿಸಲು ತಂದದ್ದು ಅಂಗಳ, ಅದು ಉಪಮಾನ. ಎರಡಕ್ಕೂ ಹೊಂದುವ ಗುಣ ಬಣ್ಣಬಣ್ಣವಾಗಿರುವುದು, ಅದು ಸಮಾನಧರ್ಮ. 'ಅಂತೆ' ಎಂಬುದು ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದೆರಡು ಮಾಯವಾಗಿದ್ದರೆ ಲುಪ್ತೋಪಮೆ. ಈಗ 'ಅಂತೆ'ಯನ್ನು ಕಿತ್ತುಹಾಕಿ: 'ಅಂದು ಆಕಾಶವೇ ಅಂಗಳ.' ಎರಡೂ ಒಂದೇ ಎಂದುಬಿಟ್ಟೆವು, ರೂಪಕವಾಯಿತು. ಸ್ವಲ್ಪ ಕಲ್ಪನೆ ಬೆರೆಸಿ: 'ಊರಿನವರೆಲ್ಲ ತಾರಸಿ ಹತ್ತಿ ಆಕಾಶಕ್ಕೆ ರಂಗೋಲಿ ಇಡುತ್ತಿದ್ದಾರೋ ಎಂಬಂತೆ ಗಾಳಿಪಟಗಳು ಹಾರಿದವು.' ಯಾರೂ ರಂಗೋಲಿ ಇಡುತ್ತಿಲ್ಲವೆಂದು ಗೊತ್ತಿದ್ದೂ ಹಾಗೆ ಊಹಿಸಿದೆವು, ಉತ್ಪ್ರೇಕ್ಷೆ. 'ಗಾಳಿಪಟಗಳ ಸಂದಿಯಲ್ಲಿ ಸೂರ್ಯನಿಗೇ ಜಾಗ ಸಿಗಲಿಲ್ಲ' ಅಂದರೆ ಅತಿಶಯೋಕ್ತಿ. 'ದಾರ ಕಡಿದ ಪಟವೊಂದು ಯಾರ ಮನೆಗೆ ಹೋಗಲಿ ಎಂದು ಯೋಚಿಸುತ್ತ ಇಳಿಯಿತು' ಅಂದರೆ ಜೀವವಿಲ್ಲದ್ದಕ್ಕೆ ಮನುಷ್ಯನ ಮನಸ್ಸು ಕೊಟ್ಟಂತೆ. ಗುಜರಾತಿ ಪುಸ್ತಕದ ಸಜೀವಾರೋಪಣ, ಹಿಂದಿಯ ಮಾನವೀಕರಣ, ಇಂಗ್ಲಿಷಿನ ಪರ್ಸಾನಿಫಿಕೇಶನ್ ಎಲ್ಲ ಇದೇ.

ಮಕ್ಕಳು ಗೊಂದಲಕ್ಕೆ ಬೀಳುವುದು ದಡ್ಡತನದಿಂದಲ್ಲ. ನಾಲ್ಕು ಭಾಷೆಗಳ ಪಟ್ಟಿಗಳು ಒಂದಕ್ಕೊಂದು ಸರಿಯಾಗಿ ಹೊಂದುವುದೇ ಇಲ್ಲ, ಮತ್ತು ಇದನ್ನು ಯಾವ ಟ್ಯೂಷನ್ನಿನವರೂ ಹೇಳಿಕೊಡುವುದಿಲ್ಲ. ಇಂಗ್ಲಿಷ್ ಪಾಠದಲ್ಲಿ ಉತ್ಪ್ರೇಕ್ಷೆ ಎಂಬ ಬೇರೆ ಹೆಸರಿಲ್ಲ. 'ಆಸ್ ಇಫ್' ಎಂದು ಬಂದರೆ ಅದನ್ನೂ ಸಿಮಿಲಿಯ ಲೆಕ್ಕಕ್ಕೇ ಬರೆಯುತ್ತಾರೆ. ಹಿಂದಿಯಲ್ಲಿ 'ಮಾನೋ' ಕಂಡರೆ, ಗುಜರಾತಿಯಲ್ಲಿ 'ಜಾಣೆ' ಕಂಡರೆ ಅದು ಉತ್ಪ್ರೇಕ್ಷೆಯ ಸುಳಿವು. 'ಜೈಸಾ', 'ಜೇವುಂ' ಕಂಡರೆ ಉಪಮೆ. ಇನ್ನು ನಿರ್ಜೀವಕ್ಕೆ ಜೀವ ತುಂಬುವ ಅಲಂಕಾರ: ಸಂಸ್ಕೃತದ ಲಾಕ್ಷಣಿಕರು ಇದಕ್ಕೆ ಪ್ರತ್ಯೇಕ ಕೋಣೆಯನ್ನೇ ಕಟ್ಟಲಿಲ್ಲ, ಸಮಾಸೋಕ್ತಿಯಲ್ಲೋ ಉತ್ಪ್ರೇಕ್ಷೆಯಲ್ಲೋ ಅದಕ್ಕೂ ಜಾಗ ಕೊಟ್ಟರು. ಇಂಗ್ಲಿಷ್ ಕಾವ್ಯದ ಪರಿಚಯವಾದ ಮೇಲೆ ನಮ್ಮ ಭಾಷೆಗಳು ಅದಕ್ಕೊಂದು ಹೆಸರಿಟ್ಟುಕೊಂಡವು. ಅತಿಶಯೋಕ್ತಿಯದು ಇನ್ನೂ ತಮಾಷೆ. ಶಾಲೆಯಲ್ಲಿ ಅದು ಹಿಗ್ಗಿಸಿ ಹೇಳುವುದು ಅಷ್ಟೇ. ಮಮ್ಮಟನಂಥ ಲಾಕ್ಷಣಿಕರನ್ನು ಕೇಳಿದರೆ ಅದರ ಮುಖ್ಯ ರೂಪವೇ ಬೇರೆ: ಉಪಮಾನವು ಉಪಮೇಯವನ್ನು ಪೂರ್ತಿ ನುಂಗಿಬಿಡಬೇಕು. ಕಿಟಕಿಯಲ್ಲಿ ಹುಡುಗಿಯ ಮುಖ ಕಂಡಾಗ, ಮುಖದ ಮಾತೇ ಎತ್ತದೆ 'ಕಿಟಕಿಯಲ್ಲಿ ಚಂದ್ರ ಮೂಡಿದ' ಅಂದರೆ ಅದು ಅತಿಶಯೋಕ್ತಿ. ಇಂಗ್ಲಿಷ್ ಟೀಚರ್ ಇದನ್ನೇ ಮೆಟಫರ್ ಅನ್ನುತ್ತಾರೆ, ಅವರ ಪಟ್ಟಿಯ ಪ್ರಕಾರ ಅದೂ ಸರಿ. ದಬದಬ, ಸರಸರ, ಪಟಪಟ ಎಂಬ ಶಬ್ದಗಳನ್ನು ಇಂಗ್ಲಿಷಿನ ಮಗು ಒನೊಮಾಟೊಪಿಯಾ ಎಂದು ಕಾವ್ಯದ ಒಡವೆಗಳ ಜೊತೆ ಓದುತ್ತದೆ. ಕನ್ನಡದಲ್ಲಿ ಅದು ಅನುಕರಣಾವ್ಯಯ, ಗುಜರಾತಿಯಲ್ಲಿ ರವಾನುಕಾರಿ. ಎರಡು ಕಡೆಯೂ ವ್ಯಾಕರಣದ ಪಾಠ, ಅಲಂಕಾರದ್ದಲ್ಲ. ನಮ್ಮ ಭಾಷೆಗಳಲ್ಲಿ ಮಳೆ 'ಧೋ' ಎಂದು ಸುರಿಯುವುದು ದಿನದ ಮಾತು, ಅದನ್ನು ಒಡವೆ ಎಂದು ಎತ್ತಿಡುವ ಅಗತ್ಯ ಯಾರಿಗೂ ಕಾಣಲಿಲ್ಲವೇನೋ.

ಹಾಗಿದ್ದರೂ ಕನ್ನಡ, ಗುಜರಾತಿ ಪುಸ್ತಕಗಳ ಹೆಸರುಗಳು ಇಷ್ಟೊಂದು ಒಂದೇ ಥರ ಇರುವುದಕ್ಕೆ ಕಾರಣವಿದೆ. ಎರಡೂ ಕಡೆಯವರು ದಂಡಿ, ಮಮ್ಮಟರ ಮನೆಯಿಂದಲೇ ಸಾಲ ತಂದವರು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಅಲಂಕಾರಶಾಸ್ತ್ರದ್ದು: ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ, ದಂಡಿಯ 'ಕಾವ್ಯಾದರ್ಶ'ವನ್ನು ಮಾದರಿಯಾಗಿಟ್ಟುಕೊಂಡು ಹುಟ್ಟಿದ 'ಕವಿರಾಜಮಾರ್ಗ'. ದಂಡಿಯಲ್ಲಿಲ್ಲದ ಧ್ವನಿಯನ್ನೂ ಅದು ಅಲಂಕಾರಗಳ ಸಾಲಿಗೆ ಸೇರಿಸಿಕೊಂಡಿದೆ. ಗುಜರಾತಿನ ಕನ್ನಡ ಮಕ್ಕಳಿಗೆ ನಾನು ಇದರ ಜೊತೆಗೆ ಇನ್ನೊಂದು ಸಂಗತಿ ಹೇಳುತ್ತೇನೆ, ಅವರ ಕಣ್ಣರಳುತ್ತದೆ. ಅಮೋಘವರ್ಷ ಬಾಲಕನಾಗಿ ಪಟ್ಟಕ್ಕೆ ಬಂದಾಗ ಬೆಂಗಾವಲಾಗಿ ನಿಂತವನು ಚಿಕ್ಕಪ್ಪನ ಮಗ ಕರ್ಕ ಸುವರ್ಣವರ್ಷ. ಆತ ಆಳುತ್ತಿದ್ದುದು ಲಾಟ, ಅಂದರೆ ಇಂದಿನ ದಕ್ಷಿಣ ಗುಜರಾತು. ಅವನು 812ರಲ್ಲಿ ಕೊಟ್ಟ ದಾನದ ತಾಮ್ರಪಟದಲ್ಲಿ ವಟಪದ್ರಕ ಎಂಬ ಹಳ್ಳಿಯ ಹೆಸರಿದೆ. ವಡೋದರಾದ ಬಗ್ಗೆ ಸಿಕ್ಕಿರುವ ಮೊದಲ ಬರಹ ಅದೇ. ಕನ್ನಡಕ್ಕೆ ಉಪಮೆ ರೂಪಕಗಳ ಪುಸ್ತಕ ಕೊಟ್ಟ ಮನೆತನವೇ ವಡೋದರಾವನ್ನು ದಾಖಲೆಗೂ ತಂದಿತು.

ಗುಜರಾತಿನ ಕಡೆಯಿಂದ ಹೇಮಚಂದ್ರರನ್ನು ನೆನೆಯಬೇಕು. ಈಗಿನ ಅಹಮದಾಬಾದ್ ಜಿಲ್ಲೆಯ ಧಂಧೂಕಾದಲ್ಲಿ 1088ರಲ್ಲಿ ಹುಟ್ಟಿ, ಪಾಟಣದಲ್ಲಿ ಸಿದ್ಧರಾಜ ಜಯಸಿಂಹನ ಆಶ್ರಯದಲ್ಲಿ ವ್ಯಾಕರಣ ಬರೆದ ಜೈನಾಚಾರ್ಯರು. ಅವರ 'ಕಾವ್ಯಾನುಶಾಸನ'ದಲ್ಲಿ ನನಗೆ ಬಹಳ ಇಷ್ಟವಾಗುವುದು ಕಳೆಯುವ ಲೆಕ್ಕ. ಮಮ್ಮಟ ಅರವತ್ತರ ಆಚೆಗೆ ಒಯ್ದಿದ್ದ ಅರ್ಥಾಲಂಕಾರಗಳನ್ನು ಇವರು ಒಂದರೊಳಗೊಂದು ಸೇರಿಸಿ 29ಕ್ಕೆ ಇಳಿಸಿದರು. ಹೊಸ ಹೆಸರು ಹುಟ್ಟಿಸುವುದೇ ಪಾಂಡಿತ್ಯ ಎಂದುಕೊಂಡಿದ್ದ ಕ್ಷೇತ್ರದಲ್ಲಿ ಇದು ಸಣ್ಣ ಧೈರ್ಯವಲ್ಲ. ನಾನಾದರೆ ಎಂಟನೆಯ ತರಗತಿಯವರೆಗೆ ಇನ್ನೂ ಕಳೆಯುತ್ತೇನೆ: ಉಪಮೆ, ರೂಪಕ, ಉತ್ಪ್ರೇಕ್ಷೆ, ಅತಿಶಯೋಕ್ತಿ, ಸಜೀವಾರೋಪಣ, ಜೊತೆಗೆ ಶಬ್ದದ ಕಡೆಯಿಂದ ಅನುಪ್ರಾಸ. ದೃಷ್ಟಾಂತ, ಅರ್ಥಾಂತರನ್ಯಾಸ, ವ್ಯಾಜಸ್ತುತಿ, ಅನನ್ವಯ ಎಲ್ಲವೂ ಹತ್ತನೆಯ ತರಗತಿಗೆ ಬಂದು ನಿಲ್ಲಲಿ, ಓಡಿಹೋಗುವುದಿಲ್ಲ.

ಮಕ್ಕಳಿಗಾಗಿ ಸರಳವಾಗಿ ಬರೆಯುವ ಹಂಬಲ ಇಂದಿನದೇನೂ ಅಲ್ಲ. ಸೂರತ್‌ನ ಕವಿ ನರ್ಮದ 1858ರಲ್ಲೇ 'ಅಲಂಕಾರಪ್ರವೇಶ' ಎಂಬ ಕೈಪಿಡಿ ಬರೆದ. ಅದಕ್ಕೆ ಒಂದು ವರ್ಷ ಹಿಂದೆ ಛಂದಸ್ಸಿಗೆ 'ಪಿಂಗಳಪ್ರವೇಶ' ಬಂದಿತ್ತು. 'ಅಲಂಕಾರಪ್ರವೇಶ' ಬರೆದಾಗ ಅವನಿಗೆ ಇಪ್ಪತ್ತೈದು ತುಂಬುವ ವಯಸ್ಸು. ಅದೇ 1858ರ ನವೆಂಬರಿನಲ್ಲಿ ಅವನು ಶಿಕ್ಷಕನ ನೌಕರಿ ಬಿಟ್ಟು ಬರವಣಿಗೆಯನ್ನೇ ನಂಬಿ ಕೂತ. ಆ ಸಂದರ್ಭವನ್ನು ಆತ್ಮಕಥೆಯಲ್ಲಿ ಹೇಳುವಾಗ ತಾನು ಕಣ್ಣೀರು ತುಂಬಿ ಲೇಖನಿಯ ಕಡೆ ನೋಡಿದೆನೆಂದೂ, ಇನ್ನು ನಿನ್ನ ಮಡಿಲೇ ಗತಿಯೆಂದು ಅದರೊಡನೆ ಮಾತಾಡಿದೆನೆಂದೂ ಬರೆದುಕೊಂಡಿದ್ದಾನೆ. ಏಳನೆಯ ತರಗತಿಯ ಮಗುವಿಗೆ ಇದನ್ನು ಹೇಳಿ ನೋಡಿ. ಲೇಖನಿಗೆ ಮಡಿಲೆಲ್ಲಿ? ಮಡಿಲಿರುವುದು ಅಮ್ಮನಿಗೆ. ಸಂಬಳ ನಿಂತುಹೋದ ಮನುಷ್ಯ ಇನ್ನು ಅನ್ನ ಹಾಕುವವಳು ನೀನೇ ಅಂತಲೂ, ಸೋತು ಬಂದರೆ ಒರಗಿಕೊಳ್ಳುವ ಜಾಗ ನಿನ್ನದೇ ಅಂತಲೂ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿದ್ದಾನೆ. ನೌಕರಿ ಬಿಟ್ಟೆ, ಮುಂದೇನೋ ಭಯವಾಗುತ್ತಿದೆ ಎಂದು ಬರೆದಿದ್ದರೆ ಮಾಹಿತಿ ಸಿಗುತ್ತಿತ್ತು. ಅಲಂಕಾರವೆಂದರೆ ಮಾತಿಗೆ ತೊಡಿಸುವ ಬಳೆ ಸರ ಎಂದು ಹೇಳಿಕೊಡುವ ಪುಸ್ತಕಗಳು ಈ ಒಂದು ಉದಾಹರಣೆಯ ಮುಂದೆ ನಿಲ್ಲಲಾರವು. ಇಲ್ಲಿ ಅದನ್ನು ಕಳಚಿಟ್ಟರೆ ಹೇಳಬೇಕಾದ್ದೇ ಉಳಿಯುವುದಿಲ್ಲ.

ಇನ್ನೊಂದು ಗಮನಿಸಬೇಕಾದ ಸಂಗತಿ, ಒಳ್ಳೆಯ ಹೋಲಿಕೆಗಳು ಬರುವುದು ಕೈಕೆಲಸದಿಂದ. ಹದಿನೇಳನೆಯ ಶತಮಾನದ ಅಹಮದಾಬಾದಿನ ಕವಿ ಅಖೋ ಅಕ್ಕಸಾಲಿ. ಡಾಂಭಿಕರನ್ನು ಕುಟುಕುವ ಅವನ ಛಪ್ಪಾ ಪದ್ಯಗಳಲ್ಲಿ ಬರುವ ಹೋಲಿಕೆಗಳು ಅಂಗಡಿ, ಬೀದಿ, ಮನೆಯೊಳಗಿನವು. ಕನ್ನಡದವರಿಗೆ ಇದೇನೂ ಹೊಸದಲ್ಲ. ಜೇಡರ ದಾಸಿಮಯ್ಯ ಮಗ್ಗದವನು, ಅಂಬಿಗರ ಚೌಡಯ್ಯ ದೋಣಿಯವನು, ಮಡಿವಾಳ ಮಾಚಿದೇವ ಬಟ್ಟೆ ಒಗೆಯುವವನು. ಮಗ್ಗವೂ ವಜ್ರವೂ ಇರುವ ಸೂರತ್‌ನ ಮಕ್ಕಳಿಗೆ ಕಮಲ, ಚಂದ್ರ, ಹಂಸಗಳನ್ನೇ ಕೊಡುವುದು ಯಾಕೆ? ನೀವು ದಿನಾ ನೋಡುವ ಯಾವುದನ್ನಾದರೂ ತಂದು ಹೋಲಿಸಿ ಎಂದಾಗ, ವರಾಛಾದ ಕಡೆಯಿಂದ ಬರುವ ಹುಡುಗನೊಬ್ಬ ವಜ್ರ ಉಜ್ಜುವ ಯಂತ್ರವನ್ನು, ಅಲ್ಲಿನವರು ಘಂಟಿ ಅನ್ನುತ್ತಾರೆ, ಎಳೆದು ತಂದ: "ನಮ್ಮ ಮ್ಯಾಥ್ಸ್ ಟ್ಯೂಷನ್ನು ಘಂಟಿ ಇದ್ದ ಹಾಗೆ. ದಿನಾ ಉಜ್ಜುತ್ತಾರೆ, ಹೊಳಪು ಮಾತ್ರ ಬರಲಿಲ್ಲ." ಹೋಲಿಕೆ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ಮುರಿಯುತ್ತದೆ ಅನ್ನುವುದೂ ಅವನಿಗೆ ಗೊತ್ತು, ಆ ಮುರಿದ ಜಾಗದಲ್ಲೇ ನಗು ಇಟ್ಟಿದ್ದಾನೆ. ಸಮಾನಧರ್ಮದ ಲಕ್ಷಣ ಕೇಳಿದ್ದರೆ ತಡವರಿಸುತ್ತಿದ್ದ.

ಶಬ್ದದ ಅಲಂಕಾರಗಳನ್ನಂತೂ ಕಣ್ಣಿನಿಂದ ಕಲಿಸಲೇಬಾರದು. ವಡೋದರಾದ ಕವಿ ಪ್ರೇಮಾನಂದ ಮಾಣಭಟ್ಟರ ಪರಂಪರೆಯವನು. ಬೆರಳಿನ ಉಂಗುರಗಳಿಂದ ತಾಮ್ರದ ಕೊಡ ಬಾರಿಸುತ್ತ ನಳನ ಕಥೆ, ಸುದಾಮನ ಕಥೆ ಹಾಡಿ ರಾತ್ರಿಗಟ್ಟಲೆ ಜನರನ್ನು ಕೂಡಿಸಿದವರು ಅವರು. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಊರೂರಿಗೆ ಒಯ್ದದ್ದೂ ಕಿವಿಯ ದಾರಿಯಲ್ಲೇ. ಪುಟದ ಮೇಲೆ ಒಂದೇ ಅಕ್ಷರಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ ಅನುಪ್ರಾಸ ಹುಡುಕುವ ಮಗುವಿಗೆ ಒಮ್ಮೆ ಜೋರಾಗಿ ಓದಲು ಹೇಳಿ. 'ಸೂರತ್‌ನುಂ ಜಮಣ್, ಕಾಶೀನುಂ ಮರಣ್' ಎಂಬ ಗಾದೆ ಗುಜರಾತಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಊಟ ಮಾಡಿದರೆ ಸೂರತ್‌ನಲ್ಲಿ, ಸತ್ತರೆ ಕಾಶಿಯಲ್ಲಿ. ಜಮಣ್, ಮರಣ್ ಎರಡೂ ಕೊನೆಯಲ್ಲಿ ತಾಳ ಹಾಕುವುದರಿಂದಲೇ ಊಟ ಮೋಕ್ಷದ ಪಕ್ಕಕ್ಕೆ ಹೋಗಿ ಕೂರುತ್ತದೆ. ಬೇರೆ ಪದ ಹಾಕಿ ನೋಡಿ, ಇಬ್ಬರೂ ದೂರ ಸರಿಯುತ್ತಾರೆ. ಕನ್ನಡಕ್ಕೆ ತಂದರೂ ಹಾಗೇ ಆಗುತ್ತದೆ.

ಅಲಂಕಾರದ ವಿಷಯದಲ್ಲಿ ದೊಡ್ಡ ಮಕ್ಕಳು ನನ್ನ ಜೊತೆ ಹೆಚ್ಚು ವಾದ ಮಾಡುವುದು ಮೊಲದ ಕಥೆಗೆ ಬಂದಾಗ. ಸುಲ್ತಾನ ಅಹಮದ್ ಷಾ ಸಾಬರಮತಿಯ ದಡದಲ್ಲಿ ಬೇಟೆಗೆ ಹೋದಾಗ ಮೊಲವೊಂದು ನಾಯಿಯನ್ನೇ ಅಟ್ಟಿಸಿಕೊಂಡು ಬಂತಂತೆ, ಇದು ಗಂಡುನೆಲ ಎಂದು ಅವನು 1411ರಲ್ಲಿ ಅಲ್ಲಿ ಪಟ್ಟಣ ಕಟ್ಟಿದನಂತೆ. ಅಹಮದಾಬಾದಿನ ಪ್ರತಿ ಮಗುವಿಗೂ ಗೊತ್ತಿರುವ ಕಥೆ. ಕನ್ನಡದ ಮಗು ತಕ್ಷಣ ಎದ್ದು ನಿಲ್ಲುತ್ತದೆ: ಅದು ಹಂಪಿಯದ್ದಲ್ಲವಾ? ಹೌದು, ಹರಿಹರ ಬುಕ್ಕರು ತುಂಗಭದ್ರೆಯ ದಡದಲ್ಲಿ ಕಂಡದ್ದೂ ಇಂಥದೇ ಮೊಲ. ಮಲೇಷ್ಯಾದ ಮಲಾಕಾ ಪಟ್ಟಣದ ಹುಟ್ಟಿನ ಕಥೆಯಲ್ಲಿ ನಾಯಿಯನ್ನು ಒದೆಯುವುದು ಒಂದು ಪುಟಾಣಿ ಕೂರಂದಿ (ಮೌಸ್ ಡೀರ್). ಹಾಗಾದರೆ ಯಾವುದು ನಿಜ, ಯಾವುದು ಸುಳ್ಳು ಎಂದು ಮಕ್ಕಳು ಪಟ್ಟು ಹಿಡಿಯುತ್ತಾರೆ. ಇಲ್ಲಿ ನಾವು ದೊಡ್ಡವರು ಎರಡರಲ್ಲೊಂದು ಮಾಡಿಬಿಡುತ್ತೇವೆ: ಇತಿಹಾಸವೆಂದು ನಂಬಿಸುತ್ತೇವೆ, ಇಲ್ಲವೇ ಕಟ್ಟುಕಥೆಯೆಂದು ತಳ್ಳುತ್ತೇವೆ. ಮೂರನೆಯ ದಾರಿಯೊಂದಿದೆ. ಈ ಕಥೆಯಲ್ಲಿ 'ಅಂತೆ', 'ಹಾಗೆ' ಎಂಬ ಒಂದು ಪದವೂ ಇಲ್ಲ, ಆದರೂ ಇಡೀ ಕಥೆಯೇ ಉಪಮಾನ. ಉಪಮೇಯವನ್ನು ಹೇಳದೆ ಬಿಟ್ಟಿದ್ದಾರೆ. ಮೊಲ ಯಾರು? ನಾಯಿ ಯಾರು? ಹಂಪಿಯಲ್ಲಿ ಕೇಳಿದರೆ ಉತ್ತರದ ಸುಲ್ತಾನರ ಎದುರು ನಿಂತ ಹೊಸ ಅರಸೊತ್ತಿಗೆ ಎನ್ನಬಹುದು. ಅಹಮದಾಬಾದಿನಲ್ಲಿ ಕೇಳಿದರೆ, ದೆಹಲಿಯ ಸುಲ್ತಾನರ ಕೈಯಿಂದ ಆಗಷ್ಟೇ ಬಿಡಿಸಿಕೊಂಡಿದ್ದ ಗುಜರಾತಿನ ಸುಲ್ತಾನರ ಮನೆತನ. ಒಂದು ಕಡೆ ಸುಲ್ತಾನರು ನಾಯಿಯ ಜಾಗದಲ್ಲಿ, ಇನ್ನೊಂದು ಕಡೆ ಸುಲ್ತಾನನೇ ಮೊಲದ ಜಾಗದಲ್ಲಿ. ಹೋಲಿಕೆಗೆ ಧರ್ಮವಿಲ್ಲ, ಯಾರು ಚಿಕ್ಕವರೋ ಅವರ ಪಕ್ಷ ಅದಕ್ಕೆ. ಎಂಟನೆಯ ತರಗತಿಗೆ ಇದು ಭಾರವಾಯಿತೆಂದು ಒಬ್ಬ ತಂದೆ ಆಕ್ಷೇಪಿಸಿದರು. ನನಗೆ ಹಾಗೆ ಅನ್ನಿಸಿಲ್ಲ. ವಾಟ್ಸಾಪಿನಲ್ಲಿ ಬರುವ ಪ್ರತಿಯೊಂದನ್ನೂ ಅಕ್ಷರಶಃ ನಂಬುವ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ, ಯಾವ ಮಾತನ್ನು ಹೇಗೆ ಓದಬೇಕೆಂದು ಹನ್ನೆರಡು ಹದಿಮೂರನೆಯ ವಯಸ್ಸಿಗೆ ತಿಳಿಯದಿದ್ದರೆ ಮತ್ತೆ ಯಾವಾಗ?

ಇನ್ನು ಮಾರ್ಕಿನ ಮಾತು. ಅದನ್ನು ಹೇಳದೆ ಫೋನಿಡಲು ಯಾರೂ ಬಿಡುವುದಿಲ್ಲ. ಸಾಲು ಕೊಟ್ಟಾಗ ಹೆಸರು ಹುಡುಕಲು ಹೋಗಬೇಡ ಎಂದು ಮಗುವಿಗೆ ಹೇಳಿ. ಮೊದಲು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ, ಅದರ ಪಕ್ಕಕ್ಕೆ ಏನನ್ನು ತಂದಿದ್ದಾರೆ ಎಂದು ರಫ್ ಪುಟದಲ್ಲಿ ಬರೆಯಲಿ. ಅದರಂತೆ ಎಂದಿದ್ದಾರಾ, ಅದೇ ಎಂದಿದ್ದಾರಾ, ಅದೇ ಇರಬಹುದೇನೋ ಎಂದು ಊಹಿಸಿದ್ದಾರಾ ನೋಡಲಿ. ಹೆಸರು ಅಷ್ಟರಲ್ಲಿ ತಾನಾಗಿ ಬಂದಿರುತ್ತದೆ. ಕನ್ನಡ ಪತ್ರಿಕೆ ಬರೆಯುವವರಿದ್ದರೆ, ಅಲ್ಲಿ ಅಂಕ ಸಿಗುವುದು ಬರೀ ಹೆಸರಿಗಲ್ಲ, ಸಮನ್ವಯ ಬರೆದದ್ದಕ್ಕೆ. ಉಪಮೇಯ ಇದು, ಉಪಮಾನ ಇದು ಎಂದು ಬಿಡಿಸಿ ತೋರಿಸಿದ್ದಕ್ಕೆ. ಇಂಗ್ಲಿಷ್ ಪತ್ರಿಕೆಯಲ್ಲಿ ಉತ್ಪ್ರೇಕ್ಷೆಯ ಸಾಲು ಬಂದರೆ ಸಿಮಿಲಿ ಎಂದೇ ಬರೆಯಲಿ, ಅಲ್ಲಿ ಮಮ್ಮಟನನ್ನು ಎಳೆದು ತಂದರೆ ಟೀಚರಿಗೂ ಕಷ್ಟ, ಮಗುವಿಗೂ ನಷ್ಟ. ಅಪ್ಪ ಅಮ್ಮಂದಿರಿಗೆ ಸ್ವಂತ ಕುತೂಹಲವಿದ್ದರೆ ತೀ.ನಂ.ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' 1953ರಿಂದಲೂ ಇದೆ, ಇಂದಿಗೂ ಅದಕ್ಕಿಂತ ತಿಳಿಯಾದದ್ದನ್ನು ನಾನು ಓದಿಲ್ಲ. ಮಕ್ಕಳ ಕೈಗೆ ಅದನ್ನು ಈಗಲೇ ಕೊಡಬೇಡಿ. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಅನ್ನುತ್ತಾರಲ್ಲ, ಆ ಬಿರುದಿನಲ್ಲಿ ಯಾವ ಅಲಂಕಾರವಿದೆ ಎಂದು ಮಾತ್ರ ಇವತ್ತು ಊಟದ ಹೊತ್ತಿಗೆ ಕೇಳಿ ನೋಡಿ.